ಆಪರೇಶನ್ ತಲೆಗೆ, ಬಾವು ಕಾಲಿಗೆ

ಮಾನ್ಯರೇ,

ಸಂಕ್ರಾಂತಿಯ ಮುಂದೆ ನನ್ನ ಹೆಂಡತಿಗೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಮಿದುಳಿನ ಗಡ್ಡೆ ತೆಗೆದರು. ಮೆನಿಂಜಿಯೋಮಾ, ಕ್ಯಾನ್ಸರ್ ಅಲ್ಲ ಅಂದರು. ಆಪರೇಶನ್ ಚೊಕ್ಕಾಗಿ ಆಯಿತು, ಅದರ ಬಗ್ಗೆ ತಕರಾರಿಲ್ಲ. ಎಂಟನೆಯ ದಿನ ಬೆಟಗೇರಿಗೆ ಕರೆತಂದೆ. ನೋಡಲು ಬಂದವರೆಲ್ಲ ತಲೆಯ ಹೊಲಿಗೆ ನೋಡಿ ಹೋದರು.

ಹನ್ನೆರಡನೆಯ ದಿನ ಎಡಗಾಲಿನ ಮೀನಖಂಡ ಬಾತಿತು, ಮುಟ್ಟಿದರೆ ಬಿಸಿ. ‘ಮಲಗಿ ಮಲಗಿ ವಾಯು ಹಿಡದೈತಿ, ಕುಸುಬಿ ಎಣ್ಣಿ ಕಾಸಿ ತಿಕ್ಕ್ರಿ’ ಅಂದರು ಓಣಿಯವರು. ಮಗ್ಗ ತುಳಿದು ಸೋತ ನನ್ನ ಕಾಲಿಗೂ ಅದೇ ಔಷಧ. ಎರಡು ದಿನ ನಾನೇ ಕೂತು ತಿಕ್ಕಿದೆ. ಮೂರನೆಯ ಬೆಳಗ್ಗೆ ಬಚ್ಚಲಿಗೆ ಹೋಗುವಷ್ಟರಲ್ಲಿ ಆಕೆಗೆ ಉಸಿರು ಸಿಗದಾಯಿತು. ಮತ್ತೆ ಹುಬ್ಬಳ್ಳಿಗೆ ಓಡಿದೆವು. ಡಾಪ್ಲರ್, ಅಂದರೆ ರಕ್ತ ಹರಿಯುವುದನ್ನು ನೋಡುವ ಸ್ಕ್ಯಾನ್, ಮಾಡಿದರೆ ಕಾಲಿನ ಒಳನರದಲ್ಲಿ ರಕ್ತ ಹೆಪ್ಪುಗಟ್ಟಿತ್ತು; ಅದರ ತುಣುಕು ಶ್ವಾಸಕೋಶಕ್ಕೆ ಹೋಗಿರುವುದು ಸಿ.ಟಿ.ಯಲ್ಲಿ ಕಂಡಿತು. ಅಂಥ ಕಾಲನ್ನು ತಿಕ್ಕಲೇಬಾರದಂತೆ. ಅದನ್ನು ಕೇಳಿದಾಗಿನಿಂದ ನನ್ನ ಕೈ ನನಗೇ ಬೇಡಾಗಿದೆ.

ಮಿದುಳಿನ ಗಡ್ಡೆಯವರಲ್ಲಿ ಇದು ಅಪರೂಪವೇನಲ್ಲ ಎಂದರು ಡಾಕ್ಟರು. ಗಡ್ಡೆಯೂ ಕುಯ್ದ ಮಿದುಳೂ ಹೆಪ್ಪುಗಟ್ಟಿಸುವ ಅಂಶವನ್ನು ರಕ್ತಕ್ಕೆ ಬಿಡುತ್ತವಂತೆ. ಅದರ ಮೇಲೆ ತಾಸುಗಟ್ಟಲೆ ಕಾಲು ಅಲುಗಿಸದೆ ಮಲಗಿರುವುದು ಬೇರೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ನನ್ನು ಕೂಡಲೇ ಕೊಟ್ಟರೆ ಕುಯ್ದ ಜಾಗದಲ್ಲೇ ರಕ್ತ ಸೋರುವ ಭಯ. ಹಾಗಾಗಿ ಸಾಮಾನ್ಯವಾಗಿ ಒಂದು ದಿನ ಕಾದು ಶುರುಮಾಡುತ್ತಾರೆ, ಅಲ್ಲಿತನಕ ಕಾಲು ಹಿಚುಕುವ ಯಂತ್ರ, ಬಿಗಿ ಕಾಲುಚೀಲ. ಆ ಕಾಲುಚೀಲವನ್ನು ನೇಕಾರನ ಚಪಲಕ್ಕೆ ಹಿಗ್ಗಿಸಿ ನೋಡಿದ್ದೆ: ಹರಡಿನ ಹತ್ತಿರ ಬಿಗಿ, ಮೇಲೆ ಹೋದಂತೆ ಸಡಿಲ. ರಕ್ತ ಮೇಲಕ್ಕೆ ಹರಿಯಲೆಂದೇ ಹಾಗೆ ಹೆಣೆಯುತ್ತಾರಂತೆ. ನಾವು ಅದನ್ನು ಬಿಚ್ಚಿ ಚೀಲಕ್ಕೆ ತುರುಕಿ ಊರಿಗೆ ಬಂದಿದ್ದೆವು.

ಡಿಸ್ಚಾರ್ಜ್ ಕಾರ್ಡು ಎರಡು ಪುಟ, ಪೂರ್ತಿ ಇಂಗ್ಲಿಷು. ಮಗಳು ಓದಿ ಹೇಳಿದಳು: ಫಿಟ್ಸ್ ಮಾತ್ರೆ ಇದೆ, ಹೊಲಿಗೆ ಬಿಚ್ಚುವ ತಾರೀಖು ಇದೆ, ಕಾಲಿನ ಮಾತಿಲ್ಲ. ಮನೆಗೆ ಬಂದ ಮೇಲೂ ವಾರಗಟ್ಟಲೆ ಈ ಅಪಾಯ ಇರುತ್ತದೆಂದ ಮೇಲೆ, ಮನೆಯವರಿಗೆ ತಿಳಿಯುವ ಭಾಷೆಯಲ್ಲಿ ಎರಡು ಸಾಲು ಬೇಡವೇ? ‘ಒಂದು ಕಾಲು ಬಾತರೆ ತಿಕ್ಕಬೇಡಿ, ಆಸ್ಪತ್ರೆಗೆ ತೋರಿಸಿ. ಉಸಿರು ಸಿಗದಿದ್ದರೆ, ಎದೆ ನೋವಾದರೆ ಒಂದು ಗಳಿಗೆಯೂ ಕಾಯಬೇಡಿ.’ ಅಚ್ಚು ಹಾಕಿಸುವುದು ತ್ರಾಸಾದರೆ ರಬ್ಬರ್ ಸ್ಟ್ಯಾಂಪ್ ಮಾಡಿಸಲಿ. ಅದರ ಖರ್ಚು ನಾನೇ ಕೊಟ್ಟೇನು.

— ಒಬ್ಬ ನೇಕಾರ, ಗದಗ-ಬೆಟಗೇರಿ