ಡೊಮೇನ್ ರಿನೀವಲ್ ಬಿಲ್ಲು ಇನ್ನು ಮುಂದೆ ಹೀಗೆ ಬರುತ್ತದೆ

ನವನಗರ, ಬಾಗಲಕೋಟೆ

ಗ್ರಾಹಕ ಬಂಧುಗಳಿಗೆ ನಮಸ್ಕಾರ.

ಇಷ್ಟು ವರ್ಷ ನಿಮ್ಮ ವೆಬ್‌ಸೈಟಿನ ಡೊಮೇನ್ ಹೆಸರನ್ನು, ಅಂದರೆ ಅದರ ವಿಳಾಸವನ್ನು, ನಮ್ಮ ಖಾತೆಯಲ್ಲೇ ಇಟ್ಟುಕೊಂಡು, ವರ್ಷಕ್ಕೊಮ್ಮೆ ನಾವೇ ರಿನೀವಲ್ ಮಾಡಿಸುತ್ತಿದ್ದೆವು. ಬರುವ ತಿಂಗಳಿಂದ ನಮ್ಮ ಖಾತೆಯಲ್ಲಿ ಇಟ್ಟುಕೊಳ್ಳುವ ಪದ್ಧತಿ ಬಿಡುತ್ತಿದ್ದೇವೆ, ಬಿಲ್ಲು ಮಾತ್ರ ನಮ್ಮಿಂದಲೇ ಬರುತ್ತದೆ. ಒಂದೊಂದಾಗಿ ಎಲ್ಲವನ್ನೂ ನಿಮ್ಮ ಹೆಸರಿಗೆ, ನಿಮ್ಮ ಇ-ಮೇಲಿಗೆ ಮಾಡಿಕೊಡುತ್ತೇವೆ. ಇದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ.

ಇದಕ್ಕೆ ಕಾರಣವಿದೆ. ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರು ನಮ್ಮ ಬಿಲ್ಲು ಮುಟ್ಟಿದ ದಿನವೇ ಫೋನ್ ಮಾಡಿ, "ಹ್ವಾದ ವಾರನ ರೊಕ್ಕ ತುಂಬೀನಲ್ರೀ, ಮತ್ತ್ಯಾಕ ಕೇಳಾಕತ್ತೀರಿ?" ಎಂದರು. ಅವರು ತುಂಬಿದ್ದು ನಮಗಲ್ಲ. ಅವರಿಗೆ ಬಂದಿದ್ದ ಮೇಲ್ ತರಿಸಿ ನೋಡಿದೆವು. ಕೆಂಪಕ್ಷರದಲ್ಲಿ ‘ಕೊನೆಯ ನೋಟಿಸ್’, ಅದರಡಿ ಅವರ ಡೊಮೇನ್ ಹೆಸರು, ಮುಗಿಯುವ ತಾರೀಖು. ಎರಡೂ ಸರಿಯಾಗಿದ್ದವು. ತೀರಾ ಕೆಳಗೆ, ಇರುವೆಯಂಥ ಅಕ್ಷರದಲ್ಲಿ, ಇದು ಬಿಲ್ಲಲ್ಲ, ಗೂಗಲ್‌ನಂಥ ಕಡೆ ನಿಮ್ಮ ಹೆಸರು ಸೇರಿಸಿಕೊಡುವ ಸೇವೆ ಎಂದಿತ್ತು. ನಮ್ಮ ಬಿಲ್ಲಿನ ನಾಲ್ಕು ಪಟ್ಟು ರೊಕ್ಕ ಹೋಗಿತ್ತು. ಡೊಮೇನ್ ಅವಧಿ ಒಂದು ದಿನವೂ ಮುಂದೆ ಹೋಗಿರಲಿಲ್ಲ.

ಅವರದೇನೂ ತಪ್ಪಿಲ್ಲ. ತಾರೀಖು ಸರಿಯಿದ್ದರೆ ಸಂಬಂಧಪಟ್ಟವರೇ ಕಳಿಸಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಆ ತಾರೀಖು ಗುಟ್ಟಿನದಲ್ಲ. ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ (ಹುಡುಕುವ) ಪುಟದಲ್ಲಿ ಡೊಮೇನ್ ಹೆಸರು ಬರೆದರೆ ಯಾರಿಗಾದರೂ ಕಾಣುತ್ತದೆ. ನಿಮ್ಮ ಇ-ಮೇಲ್ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದೇ ಲುಕಪ್ ಪುಟದಲ್ಲಿ ರಿಜಿಸ್ಟ್ರಾರ್, ಅಂದರೆ ಡೊಮೇನ್ ನೋಂದಾಯಿಸಿಕೊಂಡ ಕಂಪನಿ, ಯಾರೆಂದೂ ಇರುತ್ತದೆ. ರಿನೀವಲ್ ಮಾಡಬಲ್ಲವರು ಅವರೊಬ್ಬರೇ. ಆ ಹೆಸರನ್ನು ನಾವು ನಿಮಗೆ ಎಂದೂ ಹೇಳಿರಲಿಲ್ಲ, ಅದು ನಮ್ಮ ತಪ್ಪು. ಇನ್ನು ಮುಂದೆ ನಮ್ಮ ಪ್ರತಿ ಬಿಲ್ಲಿನ ಮೇಲೆ ರಿಜಿಸ್ಟ್ರಾರ್ ಹೆಸರು, ಡೊಮೇನ್, ಮುಗಿಯುವ ತಾರೀಖು ಅಚ್ಚಾಗಿರುತ್ತವೆ. ಬಿಲ್ಲು ಕಳಿಸುವ ಮುಂಚೆ ಫೋನ್ ಮಾಡುತ್ತೇವೆ. ವಾಟ್ಸಾಪಿನಲ್ಲಿ ಹಣ ತುಂಬುವ ಲಿಂಕ್ ಎಂದೂ ಕಳಿಸುವುದಿಲ್ಲ.

ಒಂದು ಕಡೆ ಮಾತ್ರ ಗೊಂದಲವಾಗಬಹುದು. ಡೊಮೇನ್ ನಿಮ್ಮ ಹೆಸರಿಗೆ ಆಗುವಾಗ ರಿಜಿಸ್ಟ್ರಾರ್ ಕಡೆಯಿಂದ ಇ-ಮೇಲ್ ಖಾತ್ರಿ ಮಾಡಿ ಎಂಬ ಮೇಲ್ ಬರುತ್ತದೆ. ಅದು ನಿಜವಾದದ್ದೇ. 15 ದಿನ ಸುಮ್ಮನಿದ್ದರೆ ವೆಬ್‌ಸೈಟ್ ನಿಂತುಹೋಗಬಹುದು. ಆ ಮೇಲ್ ರೊಕ್ಕ ಕೇಳುವುದಿಲ್ಲ. ಬಂದ ಕೂಡಲೇ ನಮಗೆ ಫೋನ್ ಮಾಡಿ, ಜೊತೆಗಿದ್ದು ಮಾಡಿಸುತ್ತೇವೆ.

ಸಂಜೆಯೊಳಗೆ ತುಂಬದಿದ್ದರೆ ಹೆಸರು ಹೋಗುತ್ತದೆ ಎಂದು ಯಾರಾದರೂ ಹೆದರಿಸಿದರೆ ಅವಸರ ಬೇಡ. ಡಾಟ್ ಕಾಮ್ ಹೆಸರಿಗೆ ರಿಜಿಸ್ಟ್ರಾರ್ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಒಮ್ಮೆ, ಒಂದು ವಾರ ಮೊದಲು ಇನ್ನೊಮ್ಮೆ ನೆನಪಿಸಲೇಬೇಕು. ಡೊಮೇನ್ ಅಳಿಸಿದ ಮೇಲೂ ಮರಳಿ ಪಡೆಯಲು 30 ದಿನ ಇರುತ್ತದೆ, ಖರ್ಚು ಮಾತ್ರ ಜಾಸ್ತಿ. ಡೊಮೇನನ್ನು ಬೇರೆ ರಿಜಿಸ್ಟ್ರಾರ್ ಕಡೆ ವರ್ಗಾಯಿಸಲು ಬೇಕಾಗುವ ಗುಟ್ಟಿನ ಆಥ್ ಕೋಡ್ ಕೇಳಿದರೆ ಓಟಿಪಿಯಂತೆಯೇ ತಿಳಿದು ಯಾರಿಗೂ ಕೊಡಬೇಡಿ.

ಇಂಥ ನೋಟಿಸಿಗೆ ಈಗಾಗಲೇ ಹಣ ತುಂಬಿದ್ದರೆ ಸಂಕೋಚ ಮಾಡಿಕೊಳ್ಳದೆ ಮೊದಲು ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ, ಆಮೇಲೆ ನಮಗೆ ತಿಳಿಸಿ.

ಬೇಗ ಮುಗಿಯುವ ಡೊಮೇನುಗಳನ್ನು ಮೊದಲು ತೆಗೆದುಕೊಳ್ಳುತ್ತೇವೆ. ಯಾರ ಹೆಸರಿಗೆ ಮಾಡಬೇಕು, ಯಾವ ಇ-ಮೇಲ್ ಎಂದು ಬರೆದು ಅಂಗಡಿಯ ಸಿಕ್ಕಾ ಹಾಕಿ ಕೊಡಿ. ದಿನಾಲೂ ತೆಗೆದು ನೋಡುವ ಇ-ಮೇಲೇ ಇರಲಿ.

ನಿಮ್ಮ ವೆಬ್‌ಸೈಟ್ ನೋಡಿಕೊಳ್ಳುವ ಬಳಗ