ಶಾಲೆಯ ಬ್ಲಾಗಿನಲ್ಲಿ ಕರಡು ಬರಹಕ್ಕೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಮಕ್ಕಳ ಬರಹಕ್ಕೆಂದು ಶಾಲೆಗಳು ಬ್ಲಾಗ್ ತೆರೆಯುವುದು ಈಗ ಹೊಸದೇನಲ್ಲ. ಆದರೆ ಹೆಚ್ಚಿನವುಗಳಲ್ಲಿ ಕಾಣಸಿಗುವುದು ಸ್ವಾತಂತ್ರ್ಯೋತ್ಸವದ ಫೋಟೊ, ಪ್ರತಿಭಾ ಕಾರಂಜಿಯ ಬಹುಮಾನ ಮತ್ತು ತರಗತಿಯ ನಾಲ್ಕೈದು ಜಾಣರ ಪ್ರಬಂಧ. ಪ್ರಬಂಧದಲ್ಲಿ ಒಂದು ಕಾಗುಣಿತದ ತಪ್ಪೂ ಇರುವುದಿಲ್ಲ. ಹೇಗಿದ್ದೀತು? ತಿದ್ದಿದವರೂ ಮೇಷ್ಟ್ರು, ಟೈಪ್ ಮಾಡಿದವರೂ ಮೇಷ್ಟ್ರು. ಅದು ನೋಟಿಸ್ ಬೋರ್ಡ್ ಆಯಿತೇ ಹೊರತು ಮಗು ಬರೆಯಲು ಕಲಿಯುವ ಜಾಗವಾಗಲಿಲ್ಲ. ಕಲಿಯುವ ಜಾಗವಾಗಬೇಕಾದರೆ ಅಲ್ಲಿ ಕರಡು ಇರಬೇಕು, ಅದೂ ಎಲ್ಲ ಮಕ್ಕಳದು.

ಒಂದೊಂದು ಮಗುವಿಗೂ ಅದರದೇ ವೇಗವಿದೆ ಎಂಬುದನ್ನು ನಮ್ಮ ಸರ್ಕಾರಿ ಶಾಲೆಗಳಿಗೆ ಯಾವ ಆ್ಯಪ್ ಕಂಪನಿಯೂ ಬಂದು ಹೇಳಿಕೊಡಬೇಕಿಲ್ಲ. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರೇರಣೆಯಿಂದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾದ, ಚಿಕ್ಕ ತರಗತಿಯ ಮಕ್ಕಳು ಚಟುವಟಿಕೆಗಳ ಮೂಲಕ ಕಲಿಯುವ ನಲಿ-ಕಲಿ ಪದ್ಧತಿ, 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಅಲ್ಲಿ ಅ, ಆ, ಇ, ಈ ಸಾಲಿಲ್ಲ. ರ, ಗ, ಸ, ದ, ಅ ಎಂದು ಹೊರಟರೆ ಐದೇ ಅಕ್ಷರದಲ್ಲಿ ಅರಸ, ಗರಗಸ, ದಸರ ಓದಬಹುದು. ಜ್ವರ ಬಂದು ವಾರ ತಪ್ಪಿಸಿಕೊಂಡ ಮಗು, ಕಲಿಕೆಯನ್ನು ಮೆಟ್ಟಿಲುಗಳಂತೆ ಜೋಡಿಸಿದ ಕಲಿಕಾ ಏಣಿಯಲ್ಲಿ ಬಿಟ್ಟ ಮೆಟ್ಟಿಲಿಗೇ ಮರಳುತ್ತದೆ. ಶಿಕ್ಷಕರ ಪೂರ್ಣ ಬೆಂಬಲದ ತಟ್ಟೆಯಿಂದ (ತಟ್ಟೆಯೆಂದರೆ ಮಕ್ಕಳು ಕೂರುವ ಗುಂಪು) ಸ್ವಕಲಿಕೆಯ ತಟ್ಟೆಗೆ ತನ್ನ ಹದದಲ್ಲಿ ಸಾಗುತ್ತದೆ. ಚಿಕ್ಕ ತರಗತಿಗಳು ಮುಗಿದವೋ, ಏಣಿ ಮೂಲೆ ಸೇರುತ್ತದೆ. ಇಡೀ ತರಗತಿಗೆ ಒಂದೇ ದಿನ ಒಂದೇ ಪಾಠ, ಎಲ್ಲರಿಗೂ ‘ನನ್ನ ಮೆಚ್ಚಿನ ಹಬ್ಬ’. ಆರರಿಂದ ಒಂಬತ್ತನೇ ತರಗತಿಯವರೆಗೆ ಬ್ಲಾಗ್ ಆ ಏಣಿಯ ಕೆಲಸ ಮಾಡಬಲ್ಲದು.

ಮಾಡುವ ಬಗೆ ಸರಳ. ನಲವತ್ತು ಮಕ್ಕಳ ತರಗತಿಯಲ್ಲಿ ದಿನಕ್ಕೆ ನಾಲ್ವರ ಸರದಿ ಹಾಕಿದರೆ ಹತ್ತು ಶಾಲಾ ದಿನಕ್ಕೆ ಒಂದು ಸುತ್ತು. ಕರಡು ನೂರು ಪದ ಮೀರಬಾರದು. ಒಂದನ್ನು ಓದಿ ಟಿಪ್ಪಣಿ ಬರೆಯಲು ಐದು ನಿಮಿಷ ಸಾಕು. ನಲವತ್ತನ್ನೂ ಒಂದೇ ದಿನ ಕೈಗೆತ್ತಿಕೊಂಡ ಶಿಕ್ಷಕರು ಎರಡನೇ ಸುತ್ತಿಗೇ ‘ಗುಡ್’ ಎಂದು ಬರೆದು ಸಹಿ ಹಾಕತೊಡಗುತ್ತಾರೆ. ಮುಖ್ಯವಾದ ನಿಯಮವೆಂದರೆ ಒಂದು ಕರಡಿಗೆ ಒಂದೇ ತಿದ್ದುಪಡಿ. ಒಬ್ಬಳಿಗೆ ಒತ್ತಕ್ಷರದ ತೊಡಕು, ಇನ್ನೊಬ್ಬ ‘ಹಬ್ಬ’ವನ್ನು ‘ಅಬ್ಬ’ ಮಾಡುತ್ತಾನೆ, ಮತ್ತೊಬ್ಬಳ ಕಾಗುಣಿತ ಚೊಕ್ಕ, ಹೇಳಲು ವಿಷಯವಿಲ್ಲ. ಮೂವರ ಹಾಳೆಗೂ ಒಂದೇ ಬಗೆಯ ಕೆಂಪು ಶಾಯಿ ಹರಿಸಿದರೆ ಮೂವರೂ ಕಲಿಯುವುದು ಬರೆಯಬಾರದೆಂಬುದನ್ನೇ.

ವಿಷಯವಿಲ್ಲದ ಬರಹಕ್ಕೆ ಒಂದು ಉದಾಹರಣೆ: ‘ನಮ್ಮ ಊರಿನ ಕೆರೆ ತುಂಬಾ ಸುಂದರವಾಗಿದೆ. ಅದರಲ್ಲಿ ತುಂಬಾ ನೀರಿದೆ.’ ಇದರ ಕೆಳಗೆ ‘ಚೆನ್ನಾಗಿ ವರ್ಣಿಸು’ ಎಂದರೆ ಮೂರನೇ ‘ತುಂಬಾ’ ಬರುತ್ತದೆ. ‘ನೀರು ಎಷ್ಟನೇ ಮೆಟ್ಟಿಲಿಗಿದೆ? ನೋಡಿಕೊಂಡು ಬಾ’ ಎಂದು ಬರೆದರೆ ಬರುವ ಕರಡೇ ಬೇರೆ: ‘ಕೆರೆಗೆ ಹನ್ನೊಂದು ಮೆಟ್ಟಿಲು. ನಾಲ್ಕು ಮುಳುಗಿವೆ. ಐದನೆಯದರ ಮೇಲೆ ಬಟ್ಟೆ ಒಗೀತಾರೆ.’ ‘ಒಗೀತಾರೆ’ಯನ್ನು ‘ಒಗೆಯುತ್ತಾರೆ’ ಮಾಡುವ ಆತುರ ಬೇಡ, ಅದಕ್ಕೆ ಮೂರನೇ ಕರಡಿದೆ. ಬ್ಲಾಗಿನಲ್ಲಿ ಎರಡು ಕರಡೂ ಒಂದರ ಕೆಳಗೊಂದು ಇರಲಿ.

ಟೈಪ್ ಮಾಡಬೇಕಾದವರು ಮಕ್ಕಳೇ. ಹೊಸದಾಗಿ ಕೈಯಾಡಿಸುವವರಿಗೆ ನೂರು ಪದಕ್ಕೆ ಅರ್ಧ ಗಂಟೆ ಹಿಡಿದೀತು. ‘ಅಮ್ಮ’ ಬರೆಯಲು ಕನ್ನಡ ಟೈಪಿಂಗ್‌ನ ‘ನುಡಿ’ ತಂತ್ರಾಂಶದಲ್ಲಿ ಎ, ಎಂ, ಎಫ್, ಎಂ ಕೀಲಿಗಳನ್ನು ಒತ್ತಬೇಕು. ಒತ್ತಕ್ಷರವೆಂದರೆ ಮೊದಲ ವ್ಯಂಜನದ ಸ್ವರ ಕಳಚಿ ಮುಂದಿನದಕ್ಕೆ ಕೂಡಿಸುವುದು ಎಂಬ ವ್ಯಾಕರಣ ಆ ಎಫ್ ಕೀಲಿಯಲ್ಲಿ ಬೆರಳಿಗೇ ಸಿಗುತ್ತದೆ. ಧ್ವನಿ ಟೈಪಿಂಗ್ ಬೇಡ. ‘ಅಬ್ಬ’ ಎಂದರೂ ಫೋನು ತಾನೇ ಊಹಿಸಿ ‘ಹಬ್ಬ’ ಎಂದು ಬರೆದುಬಿಟ್ಟರೆ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದದ್ದನ್ನು ಬ್ಲಾಗಿಗೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಆ ಫಾಂಟು ರೋಮನ್ ಸಂಕೇತಗಳ ಮೇಲೇ ಕನ್ನಡದ ಆಕಾರ ಕೂರಿಸುವುದರಿಂದ, ಫಾಂಟು ಇಲ್ಲದ ಕಡೆ ಅಡಿಯ ಸಂಕೇತ ಬಯಲಾಗುತ್ತದೆ. ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡ್ ಅನ್ನು ಮೊದಲ ದಿನವೇ ಆರಿಸಿಕೊಂಡರೆ ಈ ಗೋಳಿಲ್ಲ.

ಇನ್ನು ಸುರಕ್ಷತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ, ಅವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕು. ದಾಖಲಾತಿಯ ದಿನ ಹತ್ತು ಕಾಗದಗಳ ನಡುವೆ ತೂರಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಒಪ್ಪಿಗೆಯಲ್ಲ. ಪೋಷಕರ ಸಭೆಯಲ್ಲಿ ಬ್ಲಾಗನ್ನು ತೆರೆದು ತೋರಿಸಿ ಕೇಳಬೇಕು. ಮೊದಲ ವರ್ಷ ಆಹ್ವಾನಿತರು ಮಾತ್ರ ಓದುವಂತಿದ್ದರೆ ಸಾಕು, ಗೂಗಲ್‌ನ ಬ್ಲಾಗ್ ತಾಣವಾದ ಬ್ಲಾಗರ್‌ನಲ್ಲಿ ಹೀಗೆ ನೂರು ಓದುಗರವರೆಗೆ ಅವಕಾಶವಿದೆ. ಮಗುವಿನ ಪೂರ್ಣ ಹೆಸರು ಬೇಡ, ಮುಖ ಕಾಣುವ ಫೋಟೊ ಬೇಡ. ಹೊರಗಿನವರ ಕಾಮೆಂಟ್ ಮುಚ್ಚಿರಲಿ.

ಶಾಲಾ ಬ್ಲಾಗುಗಳು ಸಾಯುವುದು ಮಾತ್ರ ಇದ್ಯಾವುದರಿಂದಲೂ ಅಲ್ಲ, ವರ್ಗಾವಣೆಯಿಂದ. ಖಾತೆ ಶಿಕ್ಷಕರ ಸ್ವಂತ ಜಿಮೇಲಿನದು, ಒಟಿಪಿ ಹೋಗುವುದು ಅವರ ಸಿಮ್ಮಿಗೆ. ಅವರು ಬೇರೆ ತಾಲ್ಲೂಕಿಗೆ ಹೋದ ಮೇಲೆ ಬ್ಲಾಗು ಬಾಗಿಲಿದ್ದೂ ಕೀಲಿಯಿಲ್ಲದ ಮನೆ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ಗೂಗಲ್‌ನ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಖಾತೆ ಶಾಲೆಯ ಹೆಸರಿನಲ್ಲಿರಲಿ, ಪಾಸ್‌ವರ್ಡ್ ಮುಖ್ಯಶಿಕ್ಷಕರು ಅಧಿಕಾರ ವಹಿಸಿಕೊಡುವಾಗಿನ ಚಾರ್ಜ್ ಪಟ್ಟಿಯಲ್ಲಿ ಬೀರುವಿನ ಕೀಲಿಯ ಜೊತೆ ನಮೂದಾಗಲಿ. ಪ್ರತಿ ಮಾರ್ಚ್‌ನಲ್ಲಿ ಇಡೀ ಬ್ಲಾಗಿನ ಬ್ಯಾಕಪ್ ಇಳಿಸಿ ಪೆನ್‌ಡ್ರೈವ್‌ನಲ್ಲಿಡಬೇಕು.

ಶಿಕ್ಷಣ ಇಲಾಖೆಯಿಂದ ಬೇಕಾಗಿರುವುದು ಹೊಸ ಯೋಜನೆಯಲ್ಲ, ಒಂದು ಸುತ್ತೋಲೆ. ಕಲಿಕೆಯ ನಡುನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಭಾಷಾ ಚಟುವಟಿಕೆಗೆ ಬ್ಲಾಗಿನ ಎರಡು ಕರಡುಗಳನ್ನು ಕೃತಿ ಸಂಪುಟದ, ಅಂದರೆ ಮಗುವಿನ ಕೆಲಸಗಳ ಕಡತದ ಭಾಗವೆಂದು ಒಪ್ಪಲಿ, ಅಂಕ ಎರಡರ ನಡುವಿನ ವ್ಯತ್ಯಾಸಕ್ಕೆ ಸಿಗಲಿ. ಹಾಗಾದರೆ ಹಾಳೆಯ ಮೇಲೆ ಕೆಂಪು ಶಾಯಿಯೇ ತುಂಬಿರುವ ಮಗುವಿಗೂ ಪೂರ್ಣ ಅಂಕದ ದಾರಿ ತೆರೆದಿರುತ್ತದೆ.

— ಕನ್ನಡ ಭಾಷಾ ಶಿಕ್ಷಕರು, ಮೈಸೂರು ಜಿಲ್ಲೆ