ಬಾವಿಕಟ್ಟೆಯ ಬಿಳಿ ಗುರುತು

ಬಾವಿಯ ಕುರಿತ ನನ್ನ ಅಧ್ಯಯನದ ವರದಿಯನ್ನು ಕಳೆದ ಶನಿವಾರ ಶಾಲೆಯಲ್ಲಿ ಎಲ್ಲರ ಮುಂದೆ ಮಂಡಿಸಿದೆ. ಇಪ್ಪತ್ತೆಂಟು ಪುಟದ ಆ ವರದಿಯ ಮೇಲೆ ನನ್ನ ಹೆಸರೊಂದೇ ಇದೆ. ಹನ್ನೆರಡನೆಯ ತರಗತಿಯ ಹುಡುಗಿಯೊಬ್ಬಳು ಒಂಟಿಯಾಗಿ ಮಾಡಿದ ಕೆಲಸ ಅದಲ್ಲ. ಯಾರಿಗೆ ಎಷ್ಟು ಋಣಿ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ನಮ್ಮ ಭೂಗೋಳದ ಮೇಡಂ. 2024ರ ಬೇಸಿಗೆಯಲ್ಲಿ ನಮ್ಮ ಬೀದಿಯ ಕೊಳವೆಬಾವಿ ಬತ್ತಿತ್ತು. ಟ್ಯಾಂಕರ್ ಬರುವ ಸದ್ದಿಗೆ ಬಿಂದಿಗೆ ಹಿಡಿದು ಓಡುವುದೇ ಮನೆಮಂದಿಯ ಕೆಲಸವಾಗಿತ್ತು. ಆ ಸಂಕಟವನ್ನೆಲ್ಲ ತುಂಬಿಕೊಂಡು ‘ಬೆಂಗಳೂರಿನ ನೀರಿನ ಸಮಸ್ಯೆ’ ಎಂದು ಬರೆದ ಹಾಳೆಯನ್ನು ಅವರ ಮುಂದಿಟ್ಟೆ. “ಇದು ವಿಷಯ ಆಯಿತಮ್ಮ, ಪ್ರಶ್ನೆ ಎಲ್ಲಿದೆ?” ಎಂದರು. ಐದು ಸಲ ತಿದ್ದಿದ ಮೇಲೆ ಒಂದೇ ಸಾಲು ಉಳಿಯಿತು: ಬಸವನಗುಡಿಯ ಒಂದು ತೆರೆದ ಬಾವಿಯಲ್ಲಿ, ಮಳೆ ಬಿದ್ದ ಎಷ್ಟು ದಿನಕ್ಕೆ ನೀರು ಏರುತ್ತದೆ? ಅಷ್ಟು ಸಣ್ಣ ಪ್ರಶ್ನೆಗೆ ಒಂದು ವರ್ಷ ಹಿಡಿಯುತ್ತದೆ ಎಂದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಬಾವಿ ಕೊಟ್ಟವರು ನಮ್ಮ ಹಿಂದಿನ ಬೀದಿಯ ಅಜ್ಜಿ. ಐವತ್ತೆರಡು ಭಾನುವಾರ, ಮಳೆ ಬಂದ ವಾರಗಳಲ್ಲಂತೂ ದಿನವೂ, ಬೆಳಗ್ಗೆ ಆರೂವರೆಗೆ ಅವರು ನೀರು ಸೇದುವ ಮೊದಲೇ ಹೋಗಿ ಅಳೆಯುತ್ತಿದ್ದೆ. ಒಂದು ದಿನವೂ ಬೇಸರಿಸಲಿಲ್ಲ. ಅಳತೆ ಮುಗಿಯುವವರೆಗೆ ಕೊಡ ಹಿಡಿದು ಕಾದು ನಿಲ್ಲುತ್ತಿದ್ದರು.

ಮೊದಲ ಏಳು ವಾರದ ಅಳತೆ ಪೂರ್ತಿ ತಪ್ಪಾಯಿತು. ಹತ್ತಿಯ ಹಗ್ಗಕ್ಕೆ ಕಾಲು ಮೀಟರಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ ಇಳಿಬಿಡುತ್ತಿದ್ದೆ. ಅನುಮಾನ ಬಂದು ಒಮ್ಮೆ ಟೇಪು ಹಿಡಿದು ನೋಡಿದರೆ, ನೆನೆದು ನೆನೆದು ಎಂಟು ಮೀಟರ್ ಹಗ್ಗ ಇಪ್ಪತ್ತು ಸೆಂಟಿಮೀಟರ್ ಕುಗ್ಗಿಹೋಗಿತ್ತು. ಅಂದು ರಾತ್ರಿ ಆ ಪುಟಗಳನ್ನು ಹರಿದು ಹಾಕಬೇಕೆಂದಿದ್ದೆ. ಹರಿಯಬೇಡ, ಅಳಿಸಲೂ ಬೇಡ, ಓದಲು ಬರುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಕಾರಣವನ್ನೂ ತಾರೀಕನ್ನೂ ಬರೆ ಎಂದರು ಮೇಡಂ. ಆ ಏಳು ಗೆರೆಗಳು ಇಂದಿಗೂ ನನ್ನ ಪುಸ್ತಕದಲ್ಲಿವೆ. ಇಡೀ ವರ್ಷ ಎಚ್ಚರದಿಂದ ಅಳೆಯುವಂತೆ ಮಾಡಿದ್ದು ಅವೇ.

ಭೌತಶಾಸ್ತ್ರ ಪ್ರಯೋಗಾಲಯದ ಅಣ್ಣ ಹದಿನೈದು ಮೀಟರಿನ ಉಕ್ಕಿನ ಟೇಪನ್ನು ವರ್ಷಪೂರ್ತಿ ನನ್ನ ಬಳಿಯೇ ಬಿಟ್ಟರು. ಅದರ ಸೊನ್ನೆ ಇರುವ ತುದಿಯ ಒಂದು ಮೀಟರಿಗೆ ಸೀಮೆಸುಣ್ಣ ಉಜ್ಜಿ ಬಾವಿಗೆ ಇಳಿಸುವುದು. ಎಂಟು ಮೀಟರಿನ ಗೆರೆ ಕಟ್ಟೆಯ ಅಂಚಿಗೆ ಬಂದಾಗ ನಿಲ್ಲಿಸಿ ಮೇಲಕ್ಕೆ ಎಳೆಯುವುದು. ನೀರು ತಾಕಿದಷ್ಟು ಸುಣ್ಣ ಕಪ್ಪಾಗಿರುತ್ತದೆ. ಅರವತ್ತನಾಲ್ಕು ಸೆಂಟಿಮೀಟರ್ ಕಪ್ಪಾಗಿದ್ದರೆ ನೀರು ಕಟ್ಟೆಯಿಂದ 7.36 ಮೀಟರ್ ಕೆಳಗಿದೆ ಎಂದರ್ಥ. ಕಟ್ಟೆಯೇ ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಹಾಗಾಗಿ ಅಜ್ಜಿಯನ್ನು ಕೇಳಿ ಒಂದು ಜಾಗದಲ್ಲಿ ಬಿಳಿ ಬಣ್ಣದ ಗುರುತು ಹಾಕಿದೆ.

ಮಳೆಯ ಲೆಕ್ಕಕ್ಕೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಅಂಕಿಗಳನ್ನು ಬಳಸಿಕೊಂಡೆ. ಹಳೆಯ ಪುಸ್ತಕಗಳಿಗೆ ಕಬ್ಬನ್ ಉದ್ಯಾನದ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬರುವವರೆಗೆ ಈ ಊರು ಕೆರೆ-ಬಾವಿಗಳನ್ನೇ ನಂಬಿತ್ತು ಎಂಬುದನ್ನು ಓದಿದ್ದು ಆಗಲೇ. ಎಲ್ಲರೂ ಹೇಳುವ ಒಂದು ಅಂಕಿಯ ಬೆನ್ನು ಹತ್ತಿ ನಾಲ್ಕು ಪುಸ್ತಕ ತಿರುವಿದಾಗ, ಒಂದು ಇನ್ನೊಂದನ್ನು ತೋರಿಸುತ್ತಿತ್ತೇ ಹೊರತು ಎಣಿಸಿದವರು ಯಾರೂ ಸಿಗಲಿಲ್ಲ. ಆ ಅಂಕಿಯನ್ನು ವರದಿಯಿಂದ ಕೈಬಿಟ್ಟೆ. ಅದಕ್ಕಾಗಿ ನಾಲ್ಕು ಮಧ್ಯಾಹ್ನ ಪುಸ್ತಕ ಹುಡುಕಿಕೊಟ್ಟ ಗ್ರಂಥಾಲಯದ ಸಿಬ್ಬಂದಿಗೆ ನನ್ನ ನಮಸ್ಕಾರ.

ಸರ್ಜಾಪುರ ರಸ್ತೆಯ ಭೋವಿಪಾಳ್ಯದಿಂದ ಹೂಳೆತ್ತಲು ಬಂದಿದ್ದ ಹಿರಿಯರೊಬ್ಬರು ನನ್ನನ್ನು ಬಾವಿಯೊಳಗೆ ಬಗ್ಗಿ ನೋಡಲು ಹೇಳಿ, ಒರತೆ ತಳದಿಂದಷ್ಟೇ ಅಲ್ಲ, ಪಕ್ಕದ ಗೋಡೆಯಿಂದಲೂ ಜಿನುಗುವುದನ್ನು ಬೆರಳು ಮಾಡಿ ತೋರಿಸಿದರು. ಅದನ್ನು ಕಣ್ಣಾರೆ ಕಂಡ ಮೇಲೆಯೇ ಪಾಠದಲ್ಲಿ ಓದಿದ್ದ ಅಂತರ್ಜಲ ನನಗೆ ಅರ್ಥವಾದದ್ದು.

ಇನ್ನು ಜನವರಿಯ ವಿಷಯ. ಮಳೆಯ ಹನಿಯೂ ಇಲ್ಲದ ತಿಂಗಳಲ್ಲಿ ಎರಡು ವಾರಕ್ಕೆ ನೀರು ಅರವತ್ತೆರಡು ಸೆಂಟಿಮೀಟರ್ ಏರಿತು. ಮತ್ತೆ ಅಳತೆ ತಪ್ಪಿದೆ ಎಂದು ಅತ್ತುಬಿಟ್ಟೆ. ಆ ಎರಡು ಅಂಕಿಗಳನ್ನು ಬಿಟ್ಟರೆ ನಕ್ಷೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು! ಬಿಡಲು ಮೇಡಂ ಒಪ್ಪಲಿಲ್ಲ, ಕಾರಣವನ್ನೂ ಹೇಳಲಿಲ್ಲ, “ಬಾವಿಯ ಪಕ್ಕದಲ್ಲೇ ಇರುವವರನ್ನು ಕೇಳಿದೆಯಾ?” ಎಂದಷ್ಟೇ ಕೇಳಿದರು. ಅಜ್ಜಿಯನ್ನು ಕೇಳಿದೆ. “ಅದೇನೋ ಪುಟ್ಟಿ, ಈಚೆಗೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿದೆ. ಆ ಮೋಟಾರಿನ ಸದ್ದು ನಿಂತಿತಲ್ಲ” ಎಂದರು.

ಮೂರು ಮನೆ ಆಚೆ ಕಟ್ಟಡವೊಂದರ ನೆಲಮಾಳಿಗೆಗೆ ಗುಂಡಿ ತೋಡಿ, ಒಸರುವ ನೀರನ್ನು ತಿಂಗಳುಗಟ್ಟಲೆ ಹಗಲಿರುಳು ಪಂಪಿನಿಂದ ಚರಂಡಿಗೆ ಬಿಡುತ್ತಿದ್ದರು. ಅಲ್ಲಿನ ಕಾವಲುಗಾರರು ಜನರೇಟರಿನ ಡೀಸೆಲ್ ಬರೆದಿಡುವ ಪುಸ್ತಕ ತೆರೆದು ಪಂಪು ನಿಂತ ದಿನವನ್ನು ತೋರಿಸಿದರು. ನೀರು ಏರಲು ಶುರುವಾದದ್ದು ಅದರ ಮರುವಾರವೇ. ಮಳೆ ಮಾತ್ರ ಕಾರಣ ಎಂದುಕೊಂಡಿದ್ದ ನನ್ನ ಅರ್ಧ ವರದಿಯನ್ನು ಮತ್ತೆ ಬರೆದೆ. ಒಂದೇ ಬಾವಿಯಿಂದ ಇಡೀ ಬಡಾವಣೆಯ ಮಾತು ಹೇಳಲಾಗದು ಎಂದೂ ಅದರಲ್ಲಿ ಸೇರಿಸಿದೆ. ಆ ಕಾವಲುಗಾರರು ಈಗ ಬೇರೆ ಕಡೆ ಕೆಲಸದಲ್ಲಿದ್ದಾರಂತೆ. ಈ ಬರಹ ಅವರ ಕಣ್ಣಿಗೆ ಬೀಳಲಿ ಎಂದು ಮನಸಾರೆ ಬಯಸುತ್ತೇನೆ.

ಅಪ್ಪ ಅಮ್ಮನಿಗೆ ಏನು ಬರೆಯಲಿ. ಪರೀಕ್ಷೆಯ ಹಿಂದಿನ ಭಾನುವಾರವೂ “ಹೋಗಿ ಅಳೆದು ಬಾ” ಎಂದವರು ಅವರು.

ಅಳತೆಯ ಮೂರು ಪುಸ್ತಕಗಳನ್ನು ಶಾಲೆಯ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಒಂಬತ್ತನೆಯ ತರಗತಿಯ ಇಬ್ಬರು ಮುಂದಿನ ಭಾನುವಾರದಿಂದ ಹೋಗುತ್ತಾರೆ. ಅಜ್ಜಿ ಒಪ್ಪಿದ್ದಾರೆ. ಅವರಿಬ್ಬರಿಗೆ ಒಂದು ಮಾತು: ಕಟ್ಟೆಯ ಮೇಲಿನ ಬಿಳಿ ಗುರುತಿನಿಂದಲೇ ಅಳೆಯಿರಿ. ಬಣ್ಣ ಮಾಸುತ್ತಿದೆ, ಮಳೆಗಾಲಕ್ಕೆ ಮೊದಲು ಇನ್ನೊಮ್ಮೆ ಬಳಿಯಬೇಕು.